ನರ್ಸಬಾಯಿಗೆ ಸರ್ಪಸುತ್ತು

ಸಿಂದಗಿ, ಏಪ್ರಿಲ್ 24, 2008, ಗುರುವಾರ

ಎದುರು ಮನೆಯ ಮೆಹರಾಜಳಿಗೆ ರವಿಕೆಯನ್ನು ಎರಡನೆಯ ಸಲ ವಾಪಸು ಕಳಿಸಿದೆ. ಬಲಗಡೆ ಎದೆಯ ಕೆಳಗಿನಿಂದ ಬೆನ್ನಿನವರೆಗೆ ಒಂದು ಪಟ್ಟಿ ಎಳೆದಂತೆ ಉರಿಯುತ್ತದೆ. ಹೊಲಿಗೆ ಬಿಗಿಯಾಗಿದೆ ಎಂದು ಹೇಳಿಕಳಿಸಿದ್ದಕ್ಕೆ ಅವಳು ಬಿಚ್ಚಿ ಸಡಿಲ ಮಾಡಿ ಕೊಟ್ಟಿದ್ದಳು. ಆದರೂ ಉರಿ ಹೋಗಲಿಲ್ಲ. ಇವತ್ತು ತಾನೇ ಬಂದು ಬಾಗಿಲಲ್ಲಿ ನಿಂತಳು.

“ಬಾಯಾರ, ಇನ್ನ ಸಡಲ ಮಾಡಿದ್ರ ಅದು ಜಂಪರ ಆಗೂದಿಲ್ಲ, ಚೀಲ ಆಗತೈತಿ ನೋಡ್ರಿ.”

ಕೆಲಸ ಕಲಿಯದವರಿಗೆ ಮಾತು ಮಾತ್ರ ಬರುತ್ತದೆ. ಅವಳ ಅತ್ತೆ ಗೌಸಬಿಯೂ ಹಾಗೆಯೇ. ಹೋದ ವರ್ಷ ಮೈಮೇಲೆ ನಾಲ್ಕು ಗುಳ್ಳೆ ಎದ್ದದ್ದಕ್ಕೆ ಓಣಿಗೆಲ್ಲ ಕೇಳುವಂತೆ ನರಳಿದವಳು.

ಶನಿವಾರ ಮಗಳು ದಾನೇಶ್ವರಿ ಇಂಡಿಯಿಂದ ಬರುತ್ತಾಳೆ. ಚೊಚ್ಚಲ ಹೆರಿಗೆ, ತವರಿನಲ್ಲೇ ಆಗಬೇಕು. ಹಳೆಯ ಧೋತರ, ಸೀರೆಗಳನ್ನು ಕುದಿಸಿ ಒಣಗಿಸಿ ಮಡಚಿಟ್ಟಿದ್ದೇನೆ. ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಪಕ್ಕದಲ್ಲಿ ನಾನು ಇರಬೇಕು. ಬಸವನ ಬಾಗೇವಾಡಿಯಲ್ಲಿ ನರ್ಸ್ ಆಗಿ ಸೇರಿದ ದಿನದಿಂದ ನಿವೃತ್ತಿಯವರೆಗೆ ನಾಲ್ಕು ತಾಲ್ಲೂಕುಗಳ ಮಕ್ಕಳನ್ನು ಈ ಕೈ ಹಿಡಿದಿದೆ. ಸೂಜಿಗೆ ಹೆದರಿ ಮಕ್ಕಳನ್ನು ಜೋಳದ ಚೀಲಗಳ ಹಿಂದೆ ಬಚ್ಚಿಟ್ಟ ತಾಯಂದಿರಿಗೆ ಲೆಕ್ಕವಿಲ್ಲ. ಅಲ್ಲಿಂದಲೂ ಎಳೆದು ತಂದು ಲಸಿಕೆ ಹಾಕಿದ್ದೇನೆ. ನಮ್ಮ ಮನೆಯ ಕೂಸನ್ನು ಬೇರೆಯವರ ಕೈಗೆ ಬಿಟ್ಟೇನೆ?

ಏಪ್ರಿಲ್ 26, ಶನಿವಾರ

ದಾನೇಶ್ವರಿ ಬಂದಳು. ಅಳಿಯ ಕಲ್ಮೇಶನಿಗೆ ನಿಂಬೆ ವ್ಯಾಪಾರ. ಹೆಂಡತಿಯ ಜೊತೆಗೆ ಒಂದು ಚೀಲ ನಿಂಬೆಹಣ್ಣನ್ನೂ ಇಳಿಸಿ ಸಂಜೆಯ ಬಸ್ಸಿಗೆ ತಿರುಗಿ ಹೋದ. ಇವರು ಆಗಲೇ ಉಪ್ಪಿನಕಾಯಿಗೆಂದು ಹೋಳು ಮಾಡುತ್ತ ಕುಳಿತಿದ್ದಾರೆ. ಎಪಿಎಂಸಿಯಲ್ಲಿ ಗುಮಾಸ್ತರಾಗಿದ್ದಾಗ ಬಾಯಿ ತೆರೆಯದೆ ನೌಕರಿ ಮುಗಿಸಿದರು, ಮನೆಯಲ್ಲೂ ಅದೇ. ನನಗೆ ಮಾತು ಸ್ವಲ್ಪ ಹೆಚ್ಚು ಇರುವುದರಿಂದ ಸಂಸಾರ ಸರಿದೂಗಿದೆ.

ಮಗಳ ಹೊಟ್ಟೆ ಮುಟ್ಟಿ ನೋಡಿದೆ. ಕೂಸಿನ ತಲೆ ಕೆಳಗಿದೆ. ಎಲ್ಲ ಸರಿಯಿದೆ.

ಪಕ್ಕೆಯ ಉರಿ ಮಾತ್ರ ಜೋರಾಗಿದೆ. ಈಗ ಹಳೆಯ ರವಿಕೆಯಲ್ಲೂ ಉರಿಯುತ್ತದೆ. ಹೊಸದನ್ನು ತೊಟ್ಟ ಗಾಯ ಇನ್ನೂ ಆರಿಲ್ಲ.

ಏಪ್ರಿಲ್ 28, ಸೋಮವಾರ

ಸ್ನಾನ ಮಾಡುವಾಗ ನೋಡಿದೆ. ಬಲಪಕ್ಕೆಯಲ್ಲಿ ಗೊಂಚಲು ಗೊಂಚಲಾಗಿ ಸಣ್ಣ ನೀರುಗುಳ್ಳೆಗಳು. ಬೆವರಿಗೆ ಎದ್ದಿವೆ. ಇಲ್ಲವೆ ಯಾವುದೋ ಹುಳ ಹರಿದಿದೆ. ಬೇರೆ ಯಾರಾದರೂ ತಂದು ತೋರಿಸಿದ್ದರೆ ನಾನು ಬೇರೆ ಹೆಸರು ಹೇಳುತ್ತಿದ್ದೆನೇನೋ. ಆದರೆ ನನ್ನ ಮೈ ನನಗೆ ಗೊತ್ತಿದೆ. ಹೆರಿಗೆ ಇಷ್ಟು ಹತ್ತಿರ ಇರುವಾಗ ಅಂಥದ್ದೆಲ್ಲ ಬರುವುದಕ್ಕೆ ಸಮಯವೂ ಇಲ್ಲ.

ಗುಲಾಬಿ ಬಣ್ಣದ ಲೋಶನ್ ಹಚ್ಚಿಕೊಂಡೆ. ಮೇಲೆ ಬಟ್ಟೆ ಸುತ್ತಿದೆ. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದೇನೂ ಇಲ್ಲ.

ಏಪ್ರಿಲ್ 30, ಬುಧವಾರ

ಬಟ್ಟೆ ಬದಲಿಸುವಾಗ ಇವರು ನೋಡಿಬಿಟ್ಟರು. ನೋಡಿ ಅಲ್ಲೇ ಕುಳಿತುಬಿಟ್ಟರು.

“ಸರ್ಪಸುತ್ತ ಐತಲ್ಲ ಇದು!”

“ಹುಳಾ ಮುಟ್ಟೇತಿ. ನರ್ಸ್ ನಾನೋ ನೀವೋ?”

“ನೀನ. ಆದ್ರೂ ನಡಿ.”

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇವರು ನನಗೆ ‘ನಡಿ’ ಎಂದು ಹೇಳಿದ್ದು ಇದೇ ಮೊದಲು. ಆಶ್ಚರ್ಯಕ್ಕೇ ಹೊರಟುಬಿಟ್ಟೆ. ಬಸ್ ನಿಲ್ದಾಣದ ಹತ್ತಿರ ಹೊಸದಾಗಿ ದವಾಖಾನೆ ತೆರೆದಿರುವ ಡಾಕ್ಟರ್ ನಿಷತಳಲ್ಲಿಗೆ ಕರೆದುಕೊಂಡು ಹೋದರು. ಚಿಕ್ಕ ಹುಡುಗಿ. ಕನ್ನಡಕ ಮಾತ್ರ ದೊಡ್ಡದು. ಗಂಡಸರು ಹೊರಗೆ ಎಂದು ಇವರನ್ನು ಬೆಂಚಿನ ಮೇಲೆ ಕೂರಿಸಿ ನನ್ನನ್ನು ಒಳಗೆ ಕರೆದಳು. ಪಕ್ಕೆ ನೋಡಲು ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

“ಸರ್ಪಸುತ್ತ ಐತ್ರಿ. ಸಣ್ಣವರಿದ್ದಾಗ ನಿಮಗ ಸೀತಾಳಿ ಸಿಡುಬು ಬಂದಿರತೈತಿ, ಅದರ ವಿಷಾಣು ನರದಾಗ ಮಲಗಿತ್ತು. ವಯಸ್ಸಾದ ಮ್ಯಾಲ ಎದ್ದೈತಿ.”

ನನಗೆ ಗೊತ್ತಿಲ್ಲದ್ದನ್ನು ಹೇಳುವವಳಂತೆ ಹೇಳಿದಳು. ಗುಳ್ಳೆ ಎದ್ದು ಮೂರು ದಿನದೊಳಗೆ ಗುಳಿಗೆ ಶುರು ಮಾಡಿದರೆ ಒಳ್ಳೆಯದು, ನೀವು ಸರಿಯಾದ ಹೊತ್ತಿಗೆ ಬಂದಿದ್ದೀರಿ ಎಂದು ಹೊಗಳಿದಳು. ನಾನು ಸುಮ್ಮನೆ ತಲೆದೂಗಿದೆ. ಗುಳಿಗೆ ಒಂದೊಂದೂ ಸುಣ್ಣದ ಹೆಂಟೆಯಷ್ಟಿದೆ, ದಿನಕ್ಕೆ ಐದು ಸಲವಂತೆ.

“ಹೊರದೇಶದಾಗ ಅರವತ್ತ ದಾಟಿದವರಿಗೆ ಇದಕ್ಕಂತ ಲಸಿಕಿ ಬಂದೈತ್ರಿ, ಎರಡ ವರ್ಷ ಆತು. ನಮ್ಮಲ್ಲಿ ಇನ್ನೂ ಇಲ್ಲ” ಎಂದಳು.

ಮುದುಕರಿಗೆ ಲಸಿಕೆ! ಹೊರದೇಶದವರಿಗೆ ಮಾಡಲು ಕೆಲಸವಿಲ್ಲ. ಲಸಿಕೆ ಇರುವುದು ಮಕ್ಕಳಿಗೆ ಎಂದು ಹೇಳಿದೆ. ಅವಳು ನಕ್ಕು, ನಗುತ್ತಲೇ ಇನ್ನೊಂದು ಪ್ರಶ್ನೆ ಕೇಳಿದಳು.

“ಮನ್ಯಾಗ ಬಸುರಿ ಹೆಣ್ಣಮಕ್ಕಳು ಯಾರರ ಅದಾರೇನ್ರಿ? ಮೊದಲ ಸಿಡುಬು ಬಾರದವರು ಈ ಗುಳ್ಳಿ ನೀರು ಮುಟ್ಟಿದ್ರ ಅವರಿಗೆ ಸಿಡುಬು ಬರತೈತಿ. ಹೆರಿಗಿ ಹೊತ್ತಿನ್ಯಾಗ ಬಂದ್ರ ಕೂಸಿನ ಜೀವಕ್ಕ ತ್ರಾಸು.”

“ಮಗಳು ಹೆರಿಗಿಗೆ ಬಂದಾಳ. ಆಕಿಗೆ ಸಿಡುಬು ಬಂದಿರಬೇಕು.”

“ಬಂದಿರಬೇಕು ಅಂದ್ರ?”

“ನೆನಪ ಮಾಡಿ ಹೇಳ್ತೇನಿ.”

ನೆನಪು ಮಾಡುವುದೇನಿದೆ? ಬಂದಿಲ್ಲ. ಬಂದಿದ್ದರೆ ನಾನು ನರ್ಸ್, ನನಗೆ ಗೊತ್ತಾಗದೆ ಇರುತ್ತಿತ್ತೆ? ಆದರೆ ಬಟ್ಟೆ ಬಿಗಿಯಾಗಿ ಮುಚ್ಚಿಕೊಂಡರೆ ಸಾಕು. ಇದು ನನ್ನ ಅನುಭವ. ಎರಡು ದಿನ ಏನೂ ಆಗಿಲ್ಲ, ಮುಂದೆಯೂ ಆಗುವುದಿಲ್ಲ.

ಮೇ 1, ಗುರುವಾರ

ಮಧ್ಯಾಹ್ನ ದಾನೇಶ್ವರಿ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಮುಂದಿಟ್ಟಳು.

“ಅವ್ವಾ, ತಲಿಗೆ ಎಣ್ಣಿ ಹಚ್ಚು. ಅಲ್ಲಿ ಯಾರೂ ಹಚ್ಚೂದಿಲ್ಲ ನನಗ.”

ನೆಲದ ಮೇಲೆ ಕುಳಿತು ತಲೆಯನ್ನು ನನ್ನ ತೊಡೆಗೆ ಒರಗಿಸಿದಳು. ಎಣ್ಣೆ ತಿಕ್ಕುತ್ತಿದ್ದಂತೆ ಅವಳಿಗೆ ನಿದ್ದೆ ಹತ್ತಿತು. ಮುಖ ನನ್ನ ಬಲಪಕ್ಕೆಯ ಕಡೆಗೆ ಹೊರಳಿತು. ಉರಿಗೆ ಹಲ್ಲು ಕಚ್ಚಿ ಕುಳಿತೆ. ಆಮೇಲೆ ನೋಡುತ್ತೇನೆ, ಒಳಗಿನ ಬಟ್ಟೆ ದಾಟಿ ಸೀರೆಯ ಮೇಲೆ ಒದ್ದೆ ಕಲೆ. ಅವಳ ಕೆನ್ನೆಗೆ ನಾಲ್ಕು ಬೆರಳಿನಷ್ಟೂ ದೂರವಿಲ್ಲ.

ಅವಳನ್ನು ದೂಡಿಬಿಟ್ಟೆ. ಎರಡೂ ಕೈಯಿಂದ ದೂಡಿದೆ. ತುಂಬು ಬಸುರಿ ಕೈ ಊರಿ ಎದ್ದು ಕುಳಿತು ನನ್ನನ್ನೇ ನೋಡಿದಳು. ಎಣ್ಣೆ ಚೆಲ್ಲಿತ್ತು.

“ನಾ ಏನ ಮಾಡಿದೆನವ್ವಾ?”

“ಸಾಬಣ ಹಚ್ಚಿ ಮುಖಾ ತೊಳಕೊ ಹೋಗು. ಈಗಿಂದೀಗ!”

ಅಳುತ್ತ ಹೋದಳು. ನಾನು ಎರಡು ಸೀರೆ, ಗುಳಿಗೆ, ಈ ಡೈರಿಯನ್ನು ಚೀಲಕ್ಕೆ ತುಂಬಿಕೊಂಡು ಎದುರು ಮನೆಗೆ ಬಂದೆ. ಗೌಸಬಿ ಕೌದಿ ಹೊಲಿಯುತ್ತಿದ್ದಳು. ಅವರ ಮನೆಯಲ್ಲಿ ಎಲ್ಲರಿಗೂ ಸಿಡುಬು ಬಂದು ಹೋಗಿದೆ, ಅದು ನನಗೆ ಗೊತ್ತು. ಕೆಲವು ದಿನ ಇಲ್ಲಿ ಇರುತ್ತೇನೆ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು, ಹೊರಕೋಣೆಯ ಮಂಚದ ಮೇಲಿದ್ದ ಕೌದಿಗಳನ್ನು ಇಳಿಸಿದಳು.

ಇವರು ಓಡಿ ಬಂದರು. “ಏನಾತು? ದಾನಮ್ಮ ಅಳಾಕತ್ತಾಳ.”

“ನನಗ ಇಲ್ಲಿ ಗಾಳಿ ಛಲೋ ಬರತೈತಿ” ಎಂದೆ.

ಕೋಣೆಗೆ ಕಿಟಕಿಯೇ ಇಲ್ಲ ಎಂಬುದನ್ನು ಇಬ್ಬರೂ ಆಮೇಲೆ ನೋಡಿದೆವು. 

ಮಗಳಿಗೆ ಕಾರಣ ಹೇಳಬಹುದಿತ್ತು. ಹೇಳಿದರೆ ನಾಲ್ಕು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾಳೆ. ಬಸುರಿಗೆ ಅಷ್ಟೆಲ್ಲ ಯೋಚನೆ ಕೊಡಬಾರದು.

ಮೇ 3, ಶನಿವಾರ

ಡಾಕ್ಟರ್ ಹುಡುಗಿಯ ಹತ್ತಿರ ಒಬ್ಬಳೇ ಹೋಗಿದ್ದೆ. ನಮ್ಮ ಓಣಿಯಲ್ಲಿ ಒಬ್ಬ ಬಸುರಿ ಇದ್ದಾಳೆ, ಯಾರದೋ ಗುಳ್ಳೆಯ ಹತ್ತಿರ ಮಲಗಿದ್ದಳು, ಏನು ಮಾಡಬೇಕು ಎಂದು ಕೇಳಿದೆ. ಕನ್ನಡಕದ ಮೇಲಿನಿಂದ ನೋಡಿ, “ಆಕೀನ್ನ ಲಗೂನ ಕರಕೊಂಡ ಬರ್ರಿ, ರಕ್ತಾ ತಪಾಸಣಿಗೆ ಸೊಲ್ಲಾಪುರಕ್ಕ ಕಳಸೂಣು. ಆ ಯಾರದೋ ಗುಳ್ಳಿ ಹೆಂಗದಾವ್ರಿ ಈಗ?” ಎಂದಳು.

ಮಾತಿನಲ್ಲಿ ಚುರುಕಿದ್ದಾಳೆ. ವಿದ್ಯೆ ಹೇಗಿದೆಯೋ.

ಹೇಳಬೇಕು. ನಾಳೆ ಹೇಳುತ್ತೇನೆ.

ಮೇ 4, ಭಾನುವಾರ

ಹೇಳಲಿಲ್ಲ. ಸೆರಗು ತಾಗಿದರೆ ಕೆಂಡ ತಾಗಿದಂತೆ. ಫ್ಯಾನಿನ ಗಾಳಿಯೂ ಚುಚ್ಚುತ್ತದೆ.

ಮೇ 5, ಸೋಮವಾರ

ನಿದ್ದೆ ಇಲ್ಲ.

ಮೇ 6, ಮಂಗಳವಾರ

ಬೆಳಿಗ್ಗೆ ಗೌಸಬಿ ಒಂದು ಹಳೆಯ ಮಲ್‌ಬಟ್ಟೆ ತಂದಳು. ತೊಳೆದು ತೊಳೆದು ಹೂವಿನಂತಾದ ಬಟ್ಟೆ. ನೀರಿನಲ್ಲಿ ಅದ್ದಿ, ಹಿಂಡಿ, ಪಕ್ಕೆಗೆ ಸುತ್ತಿದಳು. ತೀರ ಸಡಿಲವೂ ಅಲ್ಲ, ಬಿಗಿಯೂ ಅಲ್ಲ.

“ಅರಿವಿ ಹಾರಾಡಿದ್ರ ತ್ರಾಸು. ಮೈಗೆ ಹತ್ತಿ ಕುಂತ್ರ ಅಷ್ಟ ತಿಳಿಯೂದಿಲ್ಲ” ಎಂದಳು.

ನಿಜವಾಗಿಯೂ ಸ್ವಲ್ಪ ಹಗುರಾಯಿತು. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು. ಆಗ ಹೋದ ವರ್ಷದ್ದು ನೆನಪಾಯಿತು.

“ನಿಮಗ ಇನ್ನೂ ನೋವು ಐತೇನು?”

“ಐತ್ರಿ. ದಿನಾ ಇರೂದಿಲ್ಲ. ಇದ್ದ ದಿನಾ ಇರತೈತಿ.”

“ನನಗ ಹೇಳಲಿಲ್ಲಲ್ಲ.”

“ಹೇಳಿದ್ನಲ್ರಿ.”

ಹೌದು, ಬಂದಿದ್ದಳು. ನಾನು ಅಕ್ಕಿ ಆರಿಸುತ್ತಿದ್ದೆ. ನಾಲ್ಕು ಗುಳ್ಳೆಗೆ ಇಷ್ಟು ಹಾಯ್ ಹಾಯ್ ಅನ್ನುತ್ತಾರೇನು, ಹೆತ್ತವರಲ್ಲವೇ ನೀವು ಎಂದಿದ್ದೆ. ಆಗ ಅದು ಸರಿಯಾದ ಮಾತೇ ಆಗಿತ್ತು. ಗುಳ್ಳೆ ಬಿಟ್ಟರೆ ಕಣ್ಣಿಗೆ ಕಾಣುವ ಗಾಯ ಇರಲಿಲ್ಲ.

ಮಧ್ಯಾಹ್ನ ಉರಿ ಮತ್ತೆ ಏರಿತು. ಆ ಉರಿಯಲ್ಲಿ ಬಾಯಿ ಹತೋಟಿ ತಪ್ಪಿತು. ಮಗಳಿಗೆ ಸಿಡುಬು ಬಂದಿಲ್ಲ, ನಾನು ಗುಳ್ಳೆ ಇಟ್ಟುಕೊಂಡೇ ಅವಳ ಜೊತೆ ಇದ್ದೆ, ಕೂಸಿಗೆ ಏನಾದರೂ ಆದರೆ ಅದು ನನ್ನ ಕೈಯಿಂದಲೇ ಆದದ್ದು ಎಂದು ಗೌಸಬಿಯ ಮುಂದೆ ಅತ್ತುಬಿಟ್ಟೆ. ಅವಳು ಬೆರಳಿನಲ್ಲಿದ್ದ ದಾರವನ್ನು ಹಾಗೇ ಹಿಡಿದು ಕುಳಿತಳು.

“ದಾನಮ್ಮಗ ಸಿಡುಬು ಬಂದಿತ್ತಲ್ರಿ ಬಾಯಾರ.”

“ಯಾವಾಗ?”

“ಸಾಲ್ಯಾಗ ಎರಡನೇ ಇಯತ್ತೇಕ ಇದ್ಲು. ನೀವು ಹೂವಿನ ಹಿಪ್ಪರಗಿ ಕಡೆ ಮಕ್ಕಳ ಲಸಿಕಿ ಕ್ಯಾಂಪಿಗೆ ಹೋಗಿದ್ರಿ. ಬೆನ್ನ ಮ್ಯಾಲ, ಹೊಟ್ಟಿ ಮ್ಯಾಲ ಒಂದಿಷ್ಟ ಎದ್ದಿದ್ದು. ಇದ ಮಂಚದ ಮ್ಯಾಲ ಮಲಗಿಸಿಕೊಂಡಿದ್ನಿ. ನೀವು ಬರೂದರಾಗ ಒಣಗಿ ಉದುರಿ ಹೋದ್ವು.”

“ನನಗ ಯಾಕ ಯಾರೂ ಹೇಳಲಿಲ್ಲ?”

ಗೌಸಬಿ ದಾರ ಕಡಿದಳು. “ಅದರ ಹಿಂದಿನ ವಾರ ಹುಡುಗಿಗೆ ಕೆಮ್ಮು ಬಂದದ್ದಕ್ಕ ನೀವು ಯಜಮಾನರನ್ನ ಬೈದದ್ದು ಓಣಿಗೆಲ್ಲಾ ಕೇಳಿತ್ತು. ‘ಗೌಸಬಿ, ನಿನ್ನ ಕಾಲಿಗೆ ಬೀಳ್ತೇನಿ, ಹೇಳಬ್ಯಾಡ’ ಅಂದ್ರು ಪಾಪ.”

ನಾನು ಅಷ್ಟು ಬೈಯುವವಳೇ? ಇವರನ್ನು ಕರೆಸಿ ಕೇಳಿದೆ. ತಲೆ ತಗ್ಗಿಸಿ ಹೌದು ಎಂದರು. ಹದಿನೆಂಟು ವರ್ಷ ನನ್ನಿಂದ ಮುಚ್ಚಿಟ್ಟದ್ದಕ್ಕೆ ಚೆನ್ನಾಗಿ ಬೈದೆ. ಹೊರಗೆ ಹೋಗುವಾಗ ಗೌಸಬಿಯ ಕಡೆ ನೋಡಿ ಇವರು ಸಣ್ಣಗೆ ನಕ್ಕಂತೆ ಕಂಡಿತು. ಉರಿಯಿಂದ ಕಣ್ಣು ಮಂಜಾಗಿತ್ತು, ಸರಿಯಾಗಿ ಹೇಳಲಾರೆ.

ಮೇ 9, ಶುಕ್ರವಾರ

ದಾನೇಶ್ವರಿಗೆ ಇವರೇ ಎಲ್ಲ ಹೇಳಿ ಡಾಕ್ಟರ್ ಹತ್ತಿರ ಕರೆದೊಯ್ದರು. ಅವಳ ರಕ್ತ ಸೊಲ್ಲಾಪುರಕ್ಕೆ ಹೋಗಿ ಬಂತು. ಅವಳಿಗೆ ಹಿಂದೆ ಸಿಡುಬು ಬಂದು ಹೋಗಿದೆ, ಹೆದರಿಕೆ ಇಲ್ಲ ಎಂದು ಡಾಕ್ಟರ್ ಹೇಳಿದಳು. ಬಾಗಿಲಲ್ಲಿ ನಿಂತು ಮಗಳು ಕೇಳಿದಳು:

“ನನಗೂ ನೆನಪ ಐತಿ ಅವ್ವಾ. ಗೌಸಬಿ ಅಮ್ಮಾ ಬೇವಿನ ಎಲಿ ಹಾಸಿ ಮಲಗಿಸಿದ್ಲು. ನನ್ನ ಒಂದ ಮಾತ ಕೇಳಬೇಕಿಲ್ಲೇನು?”

ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಇಂಥ ಮನೆಗೆ ನಾನು ಸದ್ಯಕ್ಕೆ ತಿರುಗಿ ಹೋಗುವುದಿಲ್ಲ. ಮಾತು ಮುಚ್ಚಿಡುವ ಜನರನ್ನು ಕಂಡರೆ ನನಗೆ ಆಗದು. ಅಲ್ಲದೆ ಗುಳ್ಳೆ ಪೂರ್ತಿ ಒಣಗುವವರೆಗೆ ಕೂಸು ಬರುವ ಮನೆಯಿಂದ ದೂರ ಇರುವುದೇ ಮೇಲು ಎಂದು ಡಾಕ್ಟರ್ ಕೂಡ ಹೇಳಿದ್ದಾಳೆ.

ಸಂಜೆ ಮುದ್ದೇಬಿಹಾಳದಿಂದ ಇವರ ಅಕ್ಕ ರುಕ್ಮವ್ವ ಬಂದಿಳಿದರು. ನಾನು ಮನೆಯಲ್ಲಿಲ್ಲವೆಂದು ಬಾಣಂತನ ಮಾಡಲು ಇವರೇ ಕರೆಸಿದ್ದಾರೆ. ಎಪ್ಪತ್ತು ದಾಟಿದ್ದರೂ ಕಬ್ಬಿಣದಂಥ ಹೆಂಗಸು. ಅರ್ಧ ತಾಸಿನಲ್ಲಿ ನನ್ನ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಿಸಿದ ಸದ್ದು ಇಲ್ಲಿಯವರೆಗೂ ಕೇಳಿತು.

ಮೇ 11, ಭಾನುವಾರ

ರುಕ್ಮವ್ವ ಬರುವಾಗ ತಾಳಿಕೋಟೆಯಲ್ಲಿ ಇಳಿದು, ಸೋಮನಿಂಗ ಎಂಬುವನಿಂದ ಮಂತ್ರಿಸಿದ ಕೆಮ್ಮಣ್ಣು ತಂದಿದ್ದಾರೆ. ಸರ್ಪದ ತಲೆ ಬಾಲ ಒಂದಕ್ಕೊಂದು ಕೂಡಿದರೆ ಮನುಷ್ಯ ಉಳಿಯುವುದಿಲ್ಲವಂತೆ, ಕೂಡದಂತೆ ನಡುವೆ ಕೆಮ್ಮಣ್ಣಿನ ಗೆರೆ ಎಳೆಯಬೇಕಂತೆ. ಇದು ಒಂದೇ ಮಗ್ಗುಲಿನ ನರದ ಮೇಲೆ ಬರುತ್ತದೆ, ನಡು ದಾಟಿ ಆಚೆ ಹೋಗುವುದಿಲ್ಲ ಎಂದು ಇವರಿಗೆ ಬಿಡಿಸಿ ಹೇಳಿದೆ. ಎಲ್ಲ ಕೇಳಿಸಿಕೊಂಡರು. ಕೇಳಿಸಿಕೊಂಡು, ಕೈಯಲ್ಲಿ ಕೆಮ್ಮಣ್ಣಿನ ಬಟ್ಟಲು ಹಿಡಿದು ಹಾಗೇ ನಿಂತರು.

ಇವರ ಸಮಾಧಾನಕ್ಕೆ ಹಚ್ಚಿಸಿಕೊಂಡೆ. ಗುಳ್ಳೆಗೆ ತಾಗಿಸದೆ, ಬೆನ್ನಹುರಿಯ ಆಚೆ ಎಡಗಡೆ. ಇವರೇ ಬೆರಳಿನಿಂದ ಎಳೆದರು. ಗೆರೆ ಸೊಟ್ಟಾಯಿತು. ತಂಪೆನಿಸಿತು. ಮಣ್ಣಿನ ಗುಣ.

ಸಂಜೆ ಇನ್ನೊಂದು ಸಲ ಹಚ್ಚಿಸಿಕೊಂಡೆ. ಉಳಿದ ಮಣ್ಣು ವ್ಯರ್ಥವಾಗಬಾರದು.

ಮೇ 15, ಗುರುವಾರ

ಹೆಣ್ಣು ಕೂಸು. ಆರೋಗ್ಯವಾಗಿದೆ.

ಬೆಳಿಗ್ಗೆ ಬೇನೆ ಶುರುವಾಯಿತು. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಉದುರಿದ್ದರಿಂದ ಡಾಕ್ಟರ್ ನಿಷತಳಿಗೆ ಫೋನ್ ಮಾಡಿ ಕೇಳಿದೆ, ಹೋಗಬಹುದು ಎಂದಳು. ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಹೆರಿಗೆ ಕೋಣೆಯ ಬಾಗಿಲಲ್ಲಿ ಒಬ್ಬ ನರ್ಸ್ ಹುಡುಗಿ ನನ್ನನ್ನು ಅಡ್ಡಗಟ್ಟಿದಳು.

“ಅಜ್ಜಿ, ಹೊರಗ ಕುಂದರ್ರಿ.”

“ನಾನೂ ನರ್ಸ್ ಇದ್ದೆನವಾ. ಮೂವತ್ತಮೂರು ವರ್ಷ.”

“ಆತ್ರಿ. ಈಗ ಹೊರಗ ಕುಂದರ್ರಿ.”

ಬೆಂಚಿನ ಮೇಲೆ ಕುಳಿತೆ. ಪಕ್ಕದಲ್ಲಿ ಗೌಸಬಿ, ಆಚೆ ರುಕ್ಮವ್ವ. ಒಳಗಿನಿಂದ ದಾನೇಶ್ವರಿ “ಅವ್ವಾ” ಎಂದು ಕೂಗಿದಳು. ಮತ್ತೆ ಕೂಗಿದಳು. ಆಮೇಲೆ ಆ ಹುಡುಗಿಯೇ ಬಾಗಿಲು ತೆರೆದು, “ಬರ್ರಿ, ಆದ್ರ ಕೈ ಹಾಕಬ್ಯಾಡ್ರಿ” ಎಂದಳು.

ಕೈ ಹಾಕಲಿಲ್ಲ. ಬಲಮಗ್ಗುಲಿಗೆ ನಿಂತೆ. ಬೇನೆ ಜೋರಾದಾಗ ಮಗಳು ಕೈಗೆ ಸಿಕ್ಕಿದ್ದನ್ನು ಹಿಡಿದಳು. ಸಿಕ್ಕಿದ್ದು ನನ್ನ ಪಕ್ಕೆಯ ಮೇಲಿನ ಸೀರೆ. ನೋವು ಯಾರದ್ದೆಂದು ತಿಳಿಯದಂತೆ ಇಬ್ಬರೂ ಒಟ್ಟಿಗೆ ಚೀರಿದೆವು. ಆ ಹುಡುಗಿ ಬೈದದ್ದು ಮಾತ್ರ ನನ್ನನ್ನೇ: “ಅಜ್ಜಿ, ಬಾಯಿ ಮುಚ್ರಿ, ಹಡಿಯಾಕತ್ತಾಕಿ ನೀವೋ ಆಕೀನೋ?”

ಹೆರಿಗೆ ಕೋಣೆಯಲ್ಲಿ ನೋವಿನಲ್ಲಿರುವವರ ಜೊತೆ ಹೀಗೆಲ್ಲ ಮಾತನಾಡಬಾರದು. ಈಗಿನವರಿಗೆ ಯಾರು ತರಬೇತಿ ಕೊಡುತ್ತಾರೋ.

ಹೊಕ್ಕುಳಬಳ್ಳಿಯನ್ನು ಸರಿಯಾಗಿಯೇ ಕಟ್ಟಿದಳು. ಕೂಸನ್ನು ಮೊದಲು ರುಕ್ಮವ್ವನ ಕೈಗೆ ಕೊಟ್ಟರು. ಆಮೇಲೆ ಗೌಸಬಿಗೆ ನಾನೇ ಕೊಡಿಸಿದೆ. ಕೂಸಿನ ತಾಯಿಯನ್ನು ಬೇವಿನೆಲೆಯ ಮೇಲೆ ಮಲಗಿಸಿಕೊಂಡವಳು, ಅವಳ ಹಕ್ಕು ಅದು. ನನ್ನ ಸರದಿ ಬಂದಾಗ ಕೂಸು ನಿದ್ದೆ ಹೋಗಿತ್ತು. ಎಡಗಡೆ ಹಿಡಿದುಕೊಂಡೆ.

ಇವತ್ತು ರಾತ್ರಿಯಿಂದ ನಮ್ಮ ಮನೆಯಲ್ಲೇ ಇರುತ್ತೇನೆ. ಬಾಣಂತಿಯ ಮನೆ, ಜಗಳವನ್ನು ಮುಂದುವರಿಸುವುದು ಚೆನ್ನಾಗಿರುವುದಿಲ್ಲ.

ಜೂನ್ 10, ಮಂಗಳವಾರ

ಚರ್ಮ ಒಣಗಿದೆ, ಉರಿ ಒಣಗಿಲ್ಲ. ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ ಎಂದು ಹೋದ ವಾರ ಡಾಕ್ಟರ್ ನಿಷತ ಬೇರೆ ಗುಳಿಗೆ ಬರೆದುಕೊಟ್ಟಳು. ಗೌಸಬಿಯನ್ನೂ ಕರೆದುಕೊಂಡು ಹೋಗಿದ್ದೆ, ಅವಳಿಗ್ಯಾಕೆ ಇಷ್ಟು ದಿನ ಯಾರೂ ಕೊಡಿಸಿಲ್ಲ ಎಂದು ಕೇಳಿದೆ. ಗೌಸಬಿ ನನ್ನ ಮುಖವನ್ನೇ ನೋಡಿದಳು.

ಆ ಲಸಿಕೆಯ ಮಾತು ತೆಗೆದೆ.

“ನಿಮಗ ಈಗಷ್ಟ ಬಂದ ಹೋಗೇತಲ್ರಿ” ಎಂದಳು ಡಾಕ್ಟರ್.

“ನನಗಲ್ಲ. ಇವರಿಗೆ. ಅರವತ್ತಾರ ನಡದೈತಿ.”

ಇವರಿಗೆ ಬಂದರೆ ನೋಡಿಕೊಳ್ಳುವವಳು ನಾನೇ ಅಲ್ಲವೆ? ಆ ಕಷ್ಟ ನನಗೆ ತಪ್ಪಲಿ ಎಂಬ ಲೆಕ್ಕ. ಅಲ್ಲದೆ ಇವರು ನೋವಾದರೆ ಬಾಯಿ ಬಿಟ್ಟು ಹೇಳುವವರಲ್ಲ. ಸುಮ್ಮನೆ ನಿಂಬೆಹಣ್ಣು ಹೆಚ್ಚುತ್ತ ಕೂರುತ್ತಾರೆ. ಅಂಥವರಿಗೆ ಬರಬಾರದು.

ಸಿಂದಗಿಯ ಔಷಧದಂಗಡಿಗಳಲ್ಲೆಲ್ಲ ಕೇಳಿದೆ. “ಯಾ ಕೂಸಿಗ್ರಿ?” ಎನ್ನುತ್ತಾರೆ. ಅರವತ್ತಾರು ವರ್ಷದ ಕೂಸು ಎಂದೆ. ಇಂಡಿಯಲ್ಲಿ ಕಲ್ಮೇಶ ಕೇಳಿದ. ಬಿಜಾಪುರಕ್ಕೆ ನಾನೇ ಹೋಗಿ ಬಂದೆ. ಎಲ್ಲೂ ಇಲ್ಲ. ಒಂದು ಕಾಲಕ್ಕೆ ಡಬ್ಬಿ ತುಂಬ ಲಸಿಕೆ ಹಿಡಿದು ಜನರ ಹಿಂದೆ ನಾನು ಓಡುತ್ತಿದ್ದೆ, ಅವರು ಬಚ್ಚಿಟ್ಟುಕೊಳ್ಳುತ್ತಿದ್ದರು. ಈಗ ಲಸಿಕೆಯೇ ಬಚ್ಚಿಟ್ಟುಕೊಂಡಿದೆ. ಮುದುಕರಿಗೆ ಇಂಥದ್ದೊಂದು ಬೇಕೆಂದು ಮೊದಲಿನಿಂದಲೂ ನಾನು ಹೇಳುತ್ತಲೇ ಬಂದಿದ್ದೇನೆ. ಕೇಳುವವರಿಲ್ಲ.

ಜೂನ್ 26, ಗುರುವಾರ

ಕೂಸಿಗೆ ಲಸಿಕೆ ಹಾಕಿಸಿದೆವು. ಚುಚ್ಚುವಾಗ ನಾನು ಹೊರಗೆ ಬಂದು ನಿಂತೆ. ಒಳಗೆ ಸೆಕೆ ಬಹಳ ಇತ್ತು.

ಜುಲೈ 20, ಭಾನುವಾರ, ಮುದ್ದೇಬಿಹಾಳ

ನಿನ್ನೆ ಸಂಜೆ ರುಕ್ಮವ್ವನ ಮಗ ರೇವಪ್ಪ ಫೋನ್ ಮಾಡಿದ್ದ, ಬೇರೆ ಏನೋ ವಿಷಯಕ್ಕೆ. ಮಾತಿನ ಕೊನೆಗೆ, ಅವ್ವನಿಗೆ ಎಡಗಡೆ ಬೆನ್ನು ಉರಿಯುತ್ತದಂತೆ, ತಿಗಣೆ ಕಡಿದಿರಬೇಕು ಎಂದು ಹಾಸಿಗೆ ಬಿಸಿಲಿಗೆ ಹಾಕಿಸಿದ್ದಾಳೆ ಎಂದು ನಕ್ಕ. ನನಗೆ ನಗು ಬರಲಿಲ್ಲ. ಗುಳ್ಳೆ ಎದ್ದಿವೆಯೇ ನೋಡು ಎಂದೆ. ಅವಳು ನೋಡಗೊಡುವುದಿಲ್ಲ ಎಂದ.

ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಇವರು ಬುತ್ತಿ ಕಟ್ಟಿಕೊಟ್ಟರು. ಗೌಸಬಿ ಆ ಮಲ್‌ಬಟ್ಟೆಯಲ್ಲಿ ಅರ್ಧ ಹರಿದು ಚೀಲಕ್ಕೆ ಹಾಕಿದಳು. ತಾಳಿಕೋಟೆಯಿಂದ ಮುಂದೆ ಸೀಟು ಸಿಗಲಿಲ್ಲ. ಜನ ತಾಗಿದಾಗಲೆಲ್ಲ ಪಕ್ಕೆ ಉರಿಯಿತು.

ನನ್ನನ್ನು ಕಂಡದ್ದೇ ರುಕ್ಮವ್ವ ಗೋಡೆಯ ಕಡೆ ತಿರುಗಿ ಮಲಗಿದರು.

“ನಿನ್ನಿಂದನ ಬಂದೈತಿ ಇದು. ನಿನ್ನ ಮನಿಗೆ ಬಂದು ಬಾಣಂತನಾ ಮಾಡಿದ್ದಕ್ಕ ಕೊಟ್ಟ ಕಳಿಸೀದಿ.”

ಹಾಗೆ ಒಬ್ಬರಿಂದ ಒಬ್ಬರಿಗೆ ಸರ್ಪಸುತ್ತು ಬರುವುದಿಲ್ಲ. ಅದನ್ನು ಹೇಳುವುದಕ್ಕೆ ಬಾಯಿ ತೆರೆದವಳು, ನೋಡಿದೆ, ಅವರು ಸೆರಗನ್ನು ಎರಡು ಬೆರಳಿನಿಂದ ಬೆನ್ನಿಗೆ ತಾಗದಂತೆ ಎತ್ತಿ ಹಿಡಿದುಕೊಂಡಿದ್ದರು. ಹಾಗೆ ಹಿಡಿದು ಹಿಡಿದು ಕೈ ಸೋತಿತ್ತು.

ಪಕ್ಕದಲ್ಲಿ ಕುಳಿತು ಆ ಸೆರಗನ್ನು ನಾನು ಹಿಡಿದೆ.

“ಭಾಳ ಉರಿತೈತೇನ್ರಿ ಅಕ್ಕಾ?”

ಬೆರಳು ಸಡಿಲಿಸಿ ಸೆರಗನ್ನು ನನ್ನ ಕೈಗೆ ಬಿಟ್ಟರು. ಆಮೇಲೆ ಗೋಡೆಗೆ ಹೇಳುವವರಂತೆ, “ನಿನ್ನಿ ಚಾದಾಗ ಸಕ್ಕರಿ ಹಾಕಿದ್ದು ನೆನಪಾಗದ ಎರಡ ಸಲ ಹಾಕಿದೆ. ಅಷ್ಟ ಉರಿ” ಎಂದರು.

ಗುಳ್ಳೆ ನಿನ್ನೆಯಷ್ಟೇ ಎದ್ದಿವೆ. ಗುಳಿಗೆಗೆ ಇನ್ನೂ ಹೊತ್ತಿದೆ. ಡಾಕ್ಟರ ಹತ್ತಿರ ಹೋಗೋಣ ಎಂದೆ. ಇಂಜೆಕ್ಷನ್ ಮಾಡುತ್ತಾರೆ, ನಾನು ಬರುವುದಿಲ್ಲ ಎಂದರು. ಎಪ್ಪತ್ತು ದಾಟಿದವರು! ಇಂಜೆಕ್ಷನ್ ಅಲ್ಲ, ಬರೀ ಗುಳಿಗೆ ಎಂದೆ. ಹಾಗಾದರೆ ಮೊದಲು ಸೋಮನಿಂಗನ ಕೆಮ್ಮಣ್ಣು ಎಂದು ಹಟ ಹಿಡಿದರು.

“ಹಚ್ಚೂಣ್ರಿ. ಗುಳಿಗಿ ತಗೊಂಡ ಮ್ಯಾಲ ನಾನ ಹಚ್ತೇನಿ. ಗುಳ್ಳಿಗೆ ಅಲ್ಲ, ಬಾಜೂಕ. ತಂಪ ಆಗತೈತಿ, ನನಗ ಗೊತ್ತೈತಿ.”

ಭಾನುವಾರ, ದವಾಖಾನೆ ಮುಚ್ಚಿತ್ತು. ಡಾಕ್ಟರ ಮನೆ ಹುಡುಕಿ ಹೋದೆವು. ಅವರು ನೋಡುವಾಗ ರುಕ್ಮವ್ವ ನನ್ನ ಕೈ ಬಿಡಲಿಲ್ಲ. ಹೊರಗೆ ಬಂದ ಮೇಲೂ ಬಿಡಲಿಲ್ಲ. ಮೊದಲ ಗುಳಿಗೆಯನ್ನು ಔಷಧದಂಗಡಿಯ ಕಟ್ಟೆಯ ಮೇಲೆಯೇ ಕೂರಿಸಿ ನುಂಗಿಸಿದೆ. ಮನೆಗೆ ಬಂದು ಗೌಸಬಿಯ ಬಟ್ಟೆಯನ್ನು ಅದ್ದಿ ಸುತ್ತಿದೆ. ಸ್ವಲ್ಪ ಹೊತ್ತಿಗೆ ಮುಖದ ಬಿಗಿ ಇಳಿಯಿತು. ಕಣ್ಣು ಮುಚ್ಚಿದ್ದರು, ನಿದ್ದೆ ಹತ್ತಿತು ಎಂದುಕೊಂಡು ಮೆಲ್ಲಗೆ ಎದ್ದೆ.

“ಏ ಸುನಂದಾ.”

“ಏನ್ರಿ ಅಕ್ಕಾ?”

“ನಿನ್ನ ದನಿ ಯಾಕ ಹಿಂಗ ಆಗೇತಿ ಇವತ್ತ? ಮೆತ್ತಗ? ಮೈಯಾಗ ಆರಾಮ ಇಲ್ಲೇನ ನಿನಗ?”

ಹೌದೇ ಎಂದು ನೋಡಿಕೊಂಡೆ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿ ಮುಚ್ಚಿರಲಿಲ್ಲ, ಧೂಳಿಗೆ ಗಂಟಲು ಕಟ್ಟಿರಬೇಕು. ಬೆಳಿಗ್ಗೆ ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಬೇಕು.